ಶಿರವಾಳದ ಓದುಗ

ಆಗಸ್ಟ್ 26, ಸೋಮವಾರ

ಸುರಪುರದ ಮೌಲಾಬಿ ಎಂಬ ಎಂಬತ್ತನಾಲ್ಕು ವರ್ಷದ ಹೆಂಗಸು ನಮ್ಮ ಪತ್ರಿಕೆಯ ಓದುಗರೊಬ್ಬರ ವಿಳಾಸ ಕೇಳಿದ್ದಾರೆ. ವಿಷಯ ತಿಳಿಸಿದವರು ಅವರ ಮಗಳ ಮಗಳು ಸಮ್ರೀನ್, ಬೆಳಿಗ್ಗೆ 11.20ಕ್ಕೆ, ಯಾದಗಿರಿಯ ನಮ್ಮ ಕಚೇರಿಯ ಫೋನಿನಲ್ಲಿ. ಓದುಗರ ವಿಳಾಸ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ತಿಳಿಸಲಾಯಿತು.

ನಿನ್ನೆ ಭಾನುವಾರದ ಪುಟದಲ್ಲಿ 'ಓದಿ ಏನನ್ನಿಸಿತು?' ಅಂಕಣ ಬಂದಿತ್ತು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಮುಂಚೆ ಕೆಲವು ವಾರ ಇತಿಹಾಸದ ಪುಸ್ತಕಗಳ ಬಗ್ಗೆ ಓದುಗರ ಅಭಿಪ್ರಾಯ ಹಾಕುವುದೆಂದು ಸಂಪಾದಕ ವಿಶ್ವರಾಧ್ಯ ತೀರ್ಮಾನಿಸಿದ್ದಾರೆ. ಪುಟ ನನ್ನದು. ಇಪ್ಪತ್ತೊಂದು ವರ್ಷದಿಂದ ನನ್ನದೇ. ಮೊದಲ ವಾರದ ಪುಸ್ತಕ 'ಉಳಿದು ಹೇಳಿದವರು'. ಶಹಾಪುರದ ನಿವೃತ್ತ ಶಿಕ್ಷಕಿ ಗೊಲ್ಲಾಳಮ್ಮ ಒಂಬತ್ತು ವರ್ಷ ಊರೂರು ತಿರುಗಿ, 1948ರ ವಿಲೀನದ ಕಾಲದ ಗದ್ದಲದಲ್ಲಿ ಜೀವ ಉಳಿಸಿಕೊಂಡವರ ಮಾತು ಬರೆದುಕೊಂಡದ್ದು. ರಜಾಕಾರರಿಗೆ ಹೆದರಿ ಊರು ಬಿಟ್ಟವರೂ ಇದರಲ್ಲಿದ್ದಾರೆ, ಆಮೇಲೆ ಮುಸ್ಲಿಮರ ಮೇಲೆ ನಡೆದದ್ದಕ್ಕೆ ಹೆದರಿ ಅಡಗಿದವರೂ ಇದ್ದಾರೆ. ಊರುಗಳ ಹೆಸರಿಲ್ಲ. ಹೇಳಿದವರೇ ಬೇಡವೆಂದಿದ್ದಾರೆ.

ಮೌಲಾಬಿ ಅವರಲ್ಲೊಬ್ಬರು. ಎಂಟು ವರ್ಷದವರಿದ್ದಾಗ ಪಕ್ಕದ ಮನೆಯ ಮೌನಮ್ಮ ಎಂಬಾಕೆ ಅವರನ್ನು ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಮೂರು ದಿನ ಅಡಗಿಸಿಟ್ಟರಂತೆ.

ಪುಸ್ತಕದ ಬಗ್ಗೆ ನಾಲ್ಕು ಪತ್ರ ಬಂದಿದ್ದವು. ನಾಲ್ಕೂ ಹೊಗಳಿಕೆ. ನಾಲ್ಕು ಹೊಗಳಿದರೆ ಒಂದಾದರೂ ತೆಗಳಬೇಕು, ಇಲ್ಲದಿದ್ದರೆ ಪುಟ ಜಾಹೀರಾತಿನ ಹಾಗೆ ಕಾಣುತ್ತದೆ ಎಂಬುದು ವಿಶ್ವರಾಧ್ಯರ ನಿಯಮ. ತೆಗಳುವ ಪತ್ರ ಬಂದಿರಲಿಲ್ಲ. ಆದ್ದರಿಂದ ಒಂದು ಪತ್ರ ಕಚೇರಿಯಲ್ಲೇ ಸಿದ್ಧವಾಯಿತು. ಕೆಳಗೆ 'ಈಶಪ್ಪ, ನಿವೃತ್ತ ಶಿಕ್ಷಕ, ಶಿರವಾಳ' ಎಂದು ಹಾಕಲಾಯಿತು. ಅಂಥ ಓದುಗರು ಇಲ್ಲ. ಶಿರವಾಳಕ್ಕೆ ಹೋಗುವುದು ನಮ್ಮ ಹನ್ನೊಂದು ಪ್ರತಿ. ಹಿಂದೆಯೂ ಹೀಗೆ ಆಗಿದೆ, ತೊಂದರೆ ಬಂದಿಲ್ಲ.

ಜಾಗ ಸಾಲದೆ ವಡಗೇರಾದ ಬಸ್ ಕಂಡಕ್ಟರ್ ಅಕ್ರಮರ ಪತ್ರದ ಕೊನೆಯ ಸಾಲುಗಳನ್ನು ತೆಗೆಯಲಾಯಿತು.

ಆಗಸ್ಟ್ 28, ಬುಧವಾರ

ಸಮ್ರೀನ್ ಮತ್ತೆ ಫೋನ್ ಮಾಡಿದ್ದರು.

"ಸರ್, ನಮ್ಮ ನಾನಿ ಜಗಳ ಮಾಡಾಕ ಕೇಳಾಕತ್ತಿಲ್ರಿ. ಈಶಪ್ಪನವರಿಗೆ ಒಂದೇ ಮಾತು ಕೇಳಬೇಕಂತಾಳ."

"ಏನ್ ಮಾತ್ರಿ?"

"ಅವ್ರು ಎಂದರ ಹಗೇವಿನಾಗ ಇಳದಾರೇನಂತ."

"ಅವರಿಗೆ ಆರಾಮಿಲ್ರಿ, ಹಾಸಿಗಿ ಹಿಡದಾರ. ಯಾರಿಗೂ ಭೇಟಿ ಆಗಂಗಿಲ್ಲ" ಎಂದು ಹೇಳಲಾಯಿತು. ಆ ಕಡೆಯಿಂದ "ಅಯ್ಯೋ, ಹೌದೇನ್ರಿ" ಎಂಬ ಮಾತು ಬಂತು. ಕರೆ ಮುಗಿಯಿತು. ವಿಷಯವೂ ಅಲ್ಲಿಗೆ ಮುಗಿದಂತೆ.

ಪತ್ರವನ್ನು ಇನ್ನೊಮ್ಮೆ ನೋಡಿದೆ. "ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆಂಬುದು ನಮ್ಮ ಭಾಗದ ಒಕ್ಕಲುಮಕ್ಕಳಿಗೆಲ್ಲ ಗೊತ್ತು. ಇಳಿದ ದೊಡ್ಡವರೇ ಸಾಯುವಲ್ಲಿ ಎಂಟು ವರ್ಷದ ಹುಡುಗಿ ಮೂರು ದಿನ ಬದುಕಿದಳು ಎನ್ನುವುದು ಕಟ್ಟುಕಥೆ. ಧೈರ್ಯದ ಹೆಸರಿನಲ್ಲಿ ಇಂಥ ಕಥೆಗಳನ್ನು ಇತಿಹಾಸವೆಂದು ಮಾರುವುದು ನಿಲ್ಲಲಿ."

ಇದರಲ್ಲಿ ಸಂಗತಿಯ ತಪ್ಪಿಲ್ಲ. ಹಲವು ವರ್ಷದ ಹಿಂದೆ ಹಗೇವಿಗೆ ಇಳಿದು ಇಬ್ಬರು ಕೂಲಿಯವರು ತೀರಿಕೊಂಡ ಸುದ್ದಿಯನ್ನು ನಾನೇ ಬರೆದಿದ್ದೇನೆ. ಹೆಣ ಮೇಲೆತ್ತುವಾಗ ಅಲ್ಲೇ ಇದ್ದೆ. 'ಮಾರುವುದು' ಎಂಬ ಶಬ್ದ ಮಾತ್ರ ಬೇಕಿರಲಿಲ್ಲ.

ಆಗಸ್ಟ್ 30, ಶುಕ್ರವಾರ

ಸಮ್ರೀನ್ ಕಚೇರಿಗೇ ಬಂದರು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಸುರಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಕುರ್ಚಿಯ ತುದಿಗೆ ಕುಳಿತರು.

ಹದಿನೇಳನೇ ತಾರೀಖು ಅವರ ಶಾಲೆಯಲ್ಲಿ ಧ್ವಜಾರೋಹಣದ ನಂತರ ಈ ಪುಸ್ತಕದ ಭಾಗ ಓದಿಸಿ, ಮೌಲಾಬಿಯವರಿಂದ ಮಕ್ಕಳಿಗೆ ಎರಡು ಮಾತು ಹೇಳಿಸುವುದಿತ್ತಂತೆ. ನಮ್ಮ ಪುಟ ನೋಡಿ ಮುಖ್ಯೋಪಾಧ್ಯಾಯರು ಬೇಡ ಅಂದಿದ್ದಾರೆ.

"ಮಾಸ್ತರೊಬ್ಬರೇ ಸುಳ್ಳಂತ ಬರದಾರ, ನಾಳೆ ಪಾಲಕರು ಕೇಳಿದ್ರ ನಾ ಏನ್ ಹೇಳಲಿ ಅಂದ್ರು ಸರ್. ವಿವಾದ ಬ್ಯಾಡಂದ್ರು."

ಅಜ್ಜಿಗೆ ಬಹಳ ಸಿಟ್ಟು ಬಂದಿರಬೇಕಲ್ಲ ಎಂದು ಕೇಳಿದೆ.

"ಸಿಟ್ಟು ಬಂದಿದ್ರ ಚೊಲೋ ಇತ್ರಿ. ನಾಚಿಕಿ ಪಡಾಕತ್ತಾಳ. ಎಪ್ಪತ್ತು ವರ್ಷ ನಮ್ಮ ಅಮ್ಮಿಗೂ ಹೇಳಿದ್ದಿಲ್ಲ. ಗೊಲ್ಲಾಳಮ್ಮ ಟೀಚರ್ ನಾಕ್ ಸಲ ಬಂದು ಕುಂತ ಮ್ಯಾಗ ಹೇಳಿದ್ಲು. ಈಗ ನಾ ಬಾಯಿ ತಗೀಬಾರದಿತ್ತು, ಮೌನಮ್ಮನ ಹೆಸರು ಬೀದಿಗಿ ತಂದೆ ಅಂತಾಳ. ಓಣ್ಯಾಗ ಯಾರರ ನಕ್ರೂ ನನಗೇ ನಕ್ಕರಂತಾಳ."

ನೀರು ತರಿಸಿದೆ. ಅವರು ಕುಡಿಯಲಿಲ್ಲ.

"ಮತ್ತ ಭಾನುವಾರ ನಾವು ಶಿರವಾಳಕ್ಕ ಹೊಂಟೀವ್ರಿ. ಬೀಮಾರ್ ಇದ್ದವರನ್ನ ನೋಡಾಕ ಹೋಗಲೇಬೇಕು, ಬೈದವರಿದ್ರೂ ಹೋಗಬೇಕು ಅಂತಾಳ ನಾನಿ. ನೀವು ಹಾಸಿಗಿ ಹಿಡದಾರ ಅಂದದ್ದು ನಾ ಹೇಳಿದ್ದೇ ತಪ್ಪಾತು. ಆವತ್ತಿನಿಂದ ಅದೇ ಹಟ."

ಹೋಗುವುದು ಬೇಡ, ದಾರಿ ಚೆನ್ನಾಗಿಲ್ಲ ಎಂದೆ. "ಹಗೇವಿನಾಗ ಕುಂತಾಕಿಗೆ ದಾರಿದೇನು ಹೇಳ್ಲಿ ಸರ್" ಎಂದು ಎದ್ದರು.

ಸೆಪ್ಟೆಂಬರ್ 1, ಭಾನುವಾರ

ಅವರಿಗಿಂತ ಮುಂಚೆ ಶಿರವಾಳ ಮುಟ್ಟಿ, ಈಶಪ್ಪ ಮಗನ ಊರಿಗೆ ಹೋಗಿದ್ದಾರೆಂದು ಹೇಳಿ ವಾಪಸ್ ಕಳಿಸಬೇಕೆಂದು ಹೊರಟೆ. ಶಹಾಪುರದಲ್ಲಿ ಬಸ್ಸು ತಪ್ಪಿತು. ಮುಟ್ಟಿದಾಗ ಹತ್ತೂವರೆ.

ಚಹಾ ಅಂಗಡಿಯಲ್ಲಿ ಈಶಪ್ಪನವರ ಮನೆ ಕೇಳಿದೆ.

"ಯಾವ ಈಶಪ್ಪ್ರಿ? ಊರಾಗ ಆರು ಮಂದಿ ಅದಾರ. ಹಾಸಿಗಿ ಹಿಡದ ಈಶಪ್ಪನೇನು?" ಅಂಗಡಿಯವನು ಸೋಸುವುದನ್ನು ನಿಲ್ಲಿಸಿದ. "ಈಗೊಂದು ತಾಸಿನ ಹಿಂದ ಒಬ್ಬಾಕಿ ಮುದುಕಿ ಬಾಳಿಹಣ್ಣು ಹಿಡಕೊಂಡು ಅವನ್ನೇ ಕೇಳಿದ್ಲು. ಏನ್ರಿ, ಇವತ್ತ ಅವಂದು ಲಗ್ನ ಏನು?"

ಕುಳಿತವರು ನಕ್ಕರು. ಹಿಂತಿರುಗಿ ಹೋಗುವ ವಿಚಾರ ಬಂತು. ಆದರೆ ಅಂಗಡಿಯವನು ಆಗಲೇ ಯಾರನ್ನೋ ಕೂಗಿ, ನನ್ನನ್ನು ಆ ಮನೆಯವರೆಗೆ ಬಿಟ್ಟು ಬರಲು ಹೇಳಿದ್ದ.

ಈಶಪ್ಪ ಇದ್ದಾರೆ. ಎಪ್ಪತ್ತೈದರ ಆಸುಪಾಸು, ಬಂಡಿಯಿಂದ ಬಿದ್ದು ಸೊಂಟ ಮುರಿದಿದೆ. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದರು. ಪಕ್ಕದಲ್ಲಿ ಕುರ್ಚಿಯ ಮೇಲೆ ಮೌಲಾಬಿ, ಸಣ್ಣ ಆಕೃತಿ, ತಲೆಯ ಮೇಲೆ ಸೆರಗು. ಸಮ್ರೀನ್ ಕೈಯಲ್ಲಿ ನಮ್ಮ ಪತ್ರಿಕೆಯ ತುಂಡು. ನನ್ನನ್ನು ನೋಡಿ, "ಇವರೇ ನಾನಿ, ಪೇಪರಿನ ಭಗವಂತರಾಯ ಸರ್" ಎಂದರು.

"ಬರ್ರಿ ಸಾಹೇಬ್ರ, ಚೊಲೋ ಬಂದ್ರಿ" ಎಂದರು ಈಶಪ್ಪ. "ನನ್ನ ಹೆಸರ್ಲೆ ಯಾವನೋ ಬರದಾನ ನೋಡ್ರಿ. ಅದೂ ನನ್ನ ಮಾಸ್ತರ ಮಾಡ್ಯಾನ! ನಾ ಸಾಲಿ ಕಟ್ಟಿ ಹತ್ತಿದಾವ ಅಲ್ಲ. ಓಟ್ ಹಾಕಾಕ ಹೋದ್ರ ಹೆಬ್ಬೆಟ್ಟ ಮುಂದ ಮಾಡ್ತೀನಿ."

"ಬ್ಯಾರೆ ಈಶಪ್ಪ ಇರಬೇಕು" ಎಂದೆ.

"ಬ್ಯಾರೆ ಐದು ಮಂದಿ ಈಶಪ್ಪಗೋಳನ್ನ ಈ ಹುಡುಗಿ ಫೋನ್ ಹಚ್ಚಿ ಕೇಳ್ಯಾಳ. ಅದರಾಗ ಒಬ್ಬಾವ ಮೂರ್ ವರ್ಷದ ಕೂಸು." ನಗಲು ಹೋಗಿ ಸೊಂಟ ಹಿಡಿದುಕೊಂಡರು. ಮೌಲಾಬಿಯೂ ನಕ್ಕರು.

ಈಶಪ್ಪನ ತಂದೆ ಹಗೇವು ತೋಡುವುದರಲ್ಲಿ ಹೆಸರಾದವರಂತೆ. ಈಶಪ್ಪನೂ ತೋಡಿದ್ದಾರೆ. ಪತ್ರದಲ್ಲಿದ್ದ ಮಾತನ್ನು ಅವರು ಮೊಮ್ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಕೆಟ್ಟ ಗಾಳಿ ಇರುವುದು ಜೋಳ ತುಂಬಿ, ಬಾಯಿ ಮುಚ್ಚಿದ ಹಗೇವಿನಲ್ಲಿ. ಅದನ್ನು ತೆಗೆದ ಕೂಡಲೇ ಇಳಿದವನು ಸಾಯುತ್ತಾನೆ. ಜೋಳ ಖಾಲಿ ಮಾಡಿ ತಿಂಗಳುಗಟ್ಟಲೆ ಬಾಯಿ ತೆರೆದಿಟ್ಟ ಹಗೇವಿನಲ್ಲಿ ಗಾಳಿ ಆಡುತ್ತಿರುತ್ತದೆ. ಬಾಯಿಗೆ ಜೋಳದ ಒಣದಂಟಿನ ಕಣಕಿ ಇಟ್ಟು ಮೇಲೆ ಕಲ್ಲು ಓರೆ ಮಾಡಿದರೆ ಒಳಗಿದ್ದವರಿಗೆ ಏನೂ ಆಗದು.

"ಯಾವಾಗ ತಗದಿದ್ರು ಅದನ್ನ, ನೆನಪೈತೇನಮ್ಮಾ?"

"ಪಂಚಮಿಗಿ ತಗದಿದ್ರು. ನಾನೂ ಹಾಯ್ದು ಹಾಯ್ದು ಒಳಗ ಇಣಿಕಿ ನೋಡ್ತಿದ್ದೆ, ಮೌನಮ್ಮ ಬೈತಿದ್ಲು. ಗದ್ದಲ ಆದದ್ದು ಭಾದ್ರಪದದಾಗ."

"ತಿಂಗಳ ಮ್ಯಾಲಾತು. ಆದ್ರೂ ದೀಪಾ ಬಿಟ್ಟು ನೋಡಬೇಕು."

"ಬಿಟ್ಟಿದ್ಲಪಾ. ದೀಪಾ ಬಿಟ್ಟು ನೋಡೇ ನನ್ನ ಇಳಿಸಿದ್ಲು" ಎಂದರು ಮೌಲಾಬಿ.

"ಅದು ಪುಸ್ತಕದಾಗೇ ಅದ" ಎಂದರು ಸಮ್ರೀನ್. "ಎಪ್ಪತ್ತೊಂದನೇ ಪುಟ. ನೀವು ಓದಿರಬೇಕಲ್ಲ ಸರ್."

ಹೌದೆಂಬಂತೆ ತಲೆ ಆಡಿಸಿದೆ.

ಈಶಪ್ಪ ನನ್ನ ಕಡೆ ಕೈ ಮಾಡಿದರು. "ಸಾಹೇಬ್ರ, ನೀವು ಪೇಪರಿನವ್ರು. ಹುಡುಕ್ರಿ ಅವನ್ನ. ಸಿಕ್ಕಾಂದ್ರ ಇಲ್ಲಿಗಿ ಕರಕೊಂಡ ಬರ್ರಿ. ಏಳಾಕ ಬರಂಗಿಲ್ಲ, ಇಲ್ಲಂದ್ರ ನಾನೇ ಬರ್ತಿದ್ದೆ."

"ಬಿಡು ಈಶಪ್ಪಾ, ಅವರಿಗ್ಯಾಕ ತ್ರಾಸು" ಎಂದರು ಮೌಲಾಬಿ. "ಬಂದ ಪತ್ರಾ ಹಾಕ್ಯಾರ. ಅವರದೇನ್ ತಪ್ಪು?"

"ವಿಚಾರಿಸ್ತೀನ್ರಿ" ಎಂದೆ.

ಚಹಾ ಕೊಟ್ಟರು, ಕುಡಿದೆ. ಹೊರಡುವಾಗ ಮೌಲಾಬಿ ಚಿಪ್ಪಿನಿಂದ ಒಂದು ಬಾಳೆಹಣ್ಣು ಕಿತ್ತು ನನ್ನ ಕೈಯಲ್ಲಿಟ್ಟರು. "ರಜಾ ದಿನ ನಮ್ಮ ಸಲವಾಗಿ ಬಂದೀರಿ" ಎಂದರು.

ಸೆಪ್ಟೆಂಬರ್ 2, ಸೋಮವಾರ

ಪುಸ್ತಕ ಓದಿರಲಿಲ್ಲ. ಬೆನ್ನುಪುಟ ಓದಿ, ಬಂದ ಪತ್ರಗಳ ಮೇಲೆ ಕಣ್ಣಾಡಿಸಿ ಬರೆದದ್ದು. ಹನ್ನೊಂದು ನಿಮಿಷ ಹಿಡಿದಿತ್ತು.

ಸೆಪ್ಟೆಂಬರ್ 3, ಮಂಗಳವಾರ

ಪೂರ್ತಿ ಓದಿದೆ. ಪುಟ 71ನ್ನು ಇಲ್ಲಿ ಬರೆದುಕೊಳ್ಳುತ್ತೇನೆ.

"ಮೌನಮ್ಮ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟಳು. ದೀಪ ಆರಲಿಲ್ಲ. ಆದರೂ ಅವಳಿಗೆ ಧೈರ್ಯ ಬರಲಿಲ್ಲ. ದೀಪದ ಉಸಿರು ಬೇರೆ, ಮನುಷ್ಯರ ಉಸಿರು ಬೇರೆ ಅಂದಳು. ತಾನೇ ಇಳಿದಳು. ಒಳಗೆ ಕುಂತು ಎಣಿಸತೊಡಗಿದಳು. ಅವಳಿಗೆ ಇಪ್ಪತ್ತರ ಮುಂದೆ ಎಣಿಸಲು ಬರುತ್ತಿರಲಿಲ್ಲ. ಐದು ಸಲ ಇಪ್ಪತ್ತು ಎಣಿಸಿದಳು, ನನಗೆ ಮೇಲೆ ಕೇಳುತ್ತಿತ್ತು. ಹತ್ತಿ ಬಂದು, ಈಗ ಇಳಿ ಮಗಳೇ ಅಂದಳು. ಮೂರು ದಿನ ಹಗೇವಿನ ಬಾಯಿಯ ಕಲ್ಲಿನ ಮೇಲೆ ಜೋಳ ಹರಡಿಕೊಂಡು ಅದೇ ಜೋಳವನ್ನು ಆರಿಸುತ್ತ ಕೂತಳು. ಕೇಳಿದವರಿಗೆ, ಹುಳ ಹತ್ತ್ಯಾವ ಅಂದಳು."

ಕಡತದಿಂದ ಕಂಡಕ್ಟರ್ ಅಕ್ರಮರ ಮೂಲ ಪತ್ರ ತೆಗೆದು ನೋಡಿದೆ. ಇನ್‌ಲ್ಯಾಂಡ್ ಕಾಗದ, ನೀಲಿ ಪೆನ್ನು. ತೆಗೆದುಹಾಕಿದ್ದ ಸಾಲುಗಳು ಇವು:

"ದೀಪ ಆರದಿದ್ದರೂ ತಾನೇ ಇಳಿದು ಐದು ಸಲ ಇಪ್ಪತ್ತು ಎಣಿಸಿದ ಆ ತಾಯಿಯ ಬಗ್ಗೆ ಓದುವಾಗ ನಾನು ಒಂದು ಸ್ಟಾಪ್ ಕೂಗುವುದನ್ನೇ ಮರೆತೆ. ಇಳಿಯಬೇಕಿದ್ದವರು ಬೈದರು. ನನ್ನದೇ ತಪ್ಪು."

ಅಂಕಣಕ್ಕೆ ಬಂದ ಪತ್ರಗಳಲ್ಲಿ ನನ್ನ ಆಕ್ಷೇಪಕ್ಕೆ ಉತ್ತರ ಕೊಡುವ ಸಾಲು ಇದೊಂದೇ ಇತ್ತು. ಅದನ್ನು ತೆಗೆದ ಜಾಗದಲ್ಲೇ ನನ್ನ ಪತ್ರ ಕೂತಿದೆ. ನಾಲ್ವರು ಓದುಗರೂ ಓದಿ ಬರೆದವರು.

ಬಾಳೆಹಣ್ಣು ಚೀಲದಲ್ಲೇ ಉಳಿದು ಕಪ್ಪಾಗಿತ್ತು. ಹೆಂಡತಿ ನಾಗರತ್ನಾ ಎಸೆದಳು.

ಸೆಪ್ಟೆಂಬರ್ 5, ಗುರುವಾರ

ವಿಶ್ವರಾಧ್ಯರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನಾನೂ ಬರದೀನಿ ಭಗವಂತರಾಯ, ಇಂಥಾವು ನೂರು. ಯಾರು ಬರದಿಲ್ಲ? ಹೋಗ್ಲಿ ಬಿಡು, ಮುಂದಿನ ವಾರ ಮುದುಕಿ ಪರವಾಗಿ ಎರಡು ಪತ್ರಾ ಹಾಕು. ಸರಿ ಆಗ್ತದ."

"ಬಂದಿಲ್ರಿ."

"ಬಂದಿಲ್ಲಂದ್ರ?" ಎಂದು ನನ್ನ ಮುಖ ನೋಡಿದರು. ಆಮೇಲೆ ಅವರೇ, "ಹಂಗಾದ್ರ ಒಂದು ಸ್ಪಷ್ಟನೆ ಬರಿ. ಎರಡೇ ಸಾಲು. ಅಚಾತುರ್ಯದಿಂದ ಆಗ್ಯದ ಅಂತ" ಎಂದರು.

ಬರೆದೆ. "ಆ. 25ರ ಸಂಚಿಕೆಯಲ್ಲಿ ಅಚಾತುರ್ಯದಿಂದ ಪ್ರಕಟವಾದ ಪತ್ರವೊಂದರಲ್ಲಿ ಲೇಖಕರ ಹೆಸರು ತಪ್ಪಾಗಿ ಮುದ್ರಿತವಾಗಿದ್ದು, ಓದುಗರಿಗೆ ಆಗಿರಬಹುದಾದ ಗೊಂದಲಕ್ಕೆ ವಿಷಾದಿಸಲಾಗಿದೆ." ಮನೆಗೆ ತಂದು ನಾಗರತ್ನಾಳಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಯಾರು ಸತ್ತಾರ್ರಿ?"

"ಯಾರೂ ಸತ್ತಿಲ್ಲ. ಸ್ಪಷ್ಟನೆ ಇದು."

"ಮತ್ತ ಇದರಾಗ ಒಬ್ಬ ಮನಷ್ಯಾರ ಜೀವಂತ ಇಲ್ಲಲ್ರಿ" ಎಂದಳು. "ಇದನ್ನ ಓದಿದ್ರ ಆ ಮುದುಕಿಗಿ ಏನ್ ತಿಳೀತದ? ಇಷ್ಟು ದಿನ ಈಶಪ್ಪ ಬೈದಾನ ಅನಕೊಂಡಿದ್ಲು. ಇನ್ನ ಮ್ಯಾಗ ಯಾರು ಬೈದ್ರು ಅಂತಾನೂ ಗೊತ್ತಾಗಂಗಿಲ್ಲ."

ಸ್ಪಷ್ಟನೆ ಕೊಡಲಿಲ್ಲ. ಬೇರೆಯದೂ ಬರೆಯಲಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಈ ವಾರದ ಪುಸ್ತಕಕ್ಕೆ ಮೂರು ಪತ್ರ ಬಂದಿದ್ದವು. ಮೂರನ್ನೇ ಹಾಕಿದೆ. ಉಳಿದ ಜಾಗಕ್ಕೆ ಅಕ್ಷರ ದೊಡ್ಡದು ಮಾಡಿದೆ. ಪುಟ ಚೆನ್ನಾಗಿ ಕಾಣುತ್ತಿಲ್ಲ ಎಂದು ಎಲ್ಲರೂ ಹೇಳಿದರು. ಹೌದು, ಕಾಣುತ್ತಿಲ್ಲ.

ಸೆಪ್ಟೆಂಬರ್ 11, ಬುಧವಾರ

ಸುರಪುರಕ್ಕೆ ಹೋಗಿ ಬಂದೆ.

ಮೌಲಾಬಿ ಬಾಗಿಲ ಬಳಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಸಮ್ರೀನ್ ಶಾಲೆಯಿಂದ ಆಗಷ್ಟೇ ಬಂದಿದ್ದರು. ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಿದ್ದವರನ್ನು ನಿಲ್ಲಿಸಿ, ಇಬ್ಬರೂ ಇರುವಾಗಲೇ ಹೇಳಿದೆ. "ಆ ಪತ್ರ ನಾನು ಬರೆದೆ."

ಸಮ್ರೀನ್ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಮೌಲಾಬಿಗೆ ಮೊದಲು ತಿಳಿಯಲಿಲ್ಲ.

"ಈಶಪ್ಪ ಹೇಳಿ ಬರಸಿದ್ನೇನ್ರಿ ಸಾಹೇಬ್ರ?"

"ಈಶಪ್ಪನವರಿಗೆ ಗೊತ್ತೇ ಇಲ್ರಿ. ಹೆಸರು ನಾನೇ ಹಾಕಿದೆ. ಹಾಸಿಗಿ ಹಿಡದಾರ ಅಂತ ಹೇಳಿದ್ದೂ ಸುಳ್ಳು."

"ಅಂವ ಖರೇನೇ ಹಾಸಿಗಿ ಹಿಡದಾನಲ್ಲ."

"ಅದು ನನಗ ಗೊತ್ತಿರಲಿಲ್ರಿ."

ಅವರ ಕೈ ಸೊಪ್ಪಿನ ಮೇಲೆ ನಿಂತಿತು. ಆಮೇಲೆ ಅವರು ನನ್ನನ್ನು 'ಸಾಹೇಬ್ರ' ಅನ್ನಲಿಲ್ಲ.

"ಅವತ್ತ ಶಿರವಾಳದಾಗ ನನ್ನ ಮುಂದೇ ಕುಂತಿದ್ದಿ."

"ಹೌದ್ರಿ."

"ಚಹಾ ಕುಡದಿ."

"ಹೌದ್ರಿ ಅಮ್ಮಾ."

"ಪುಸ್ತಕ ಓದಿದ್ದೇನು?"

"ಇಲ್ರಿ. ಆಮ್ಯಾಗ ಓದಿದೆ."

"ಒಂದು ಹೇಳು ನನಗ. ಸುಳ್ಳು ಅನಿಸಿ ಬರದ್ಯೋ, ಬರೀಬೇಕಂತ ಬರದ್ಯೋ?"

ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. "ಬರೀಬೇಕಂತ ಬರದೆ" ಎಂದೆ.

"ಅಂದ್ರ ನನ್ನ ಮ್ಯಾಗ ನಿನಗ ಸಂಶಯ ಇದ್ದಿದ್ದಿಲ್ಲ."

"ಇಲ್ರಿ."

"ಸಂಶಯ ಇದ್ದಿದ್ರ ಚೊಲೋ ಇತ್ತು, ತಮ್ಮಾ" ಎಂದರು. "ಸಂಶಯ ಇದ್ದಾವಗ ಕುಂದ್ರಿಸಿ ಹೇಳಬಹುದು. ಅದಕ್ಕೇ ಹಣ್ಣು ತಗೊಂಡು ಶಿರವಾಳಕ್ಕ ಹೋಗಿದ್ದೆ. ನಿನಗ ಏನಂತ ಹೇಳ್ಲಿ?"

ತಪ್ಪಾಯಿತು, ಕ್ಷಮಿಸಬೇಕು ಎಂದೆ. ಅವರು ಕೈ ಅಡ್ಡ ಆಡಿಸಿದರು.

"ನನ್ನ ಕಡಿ ಕೇಳಬ್ಯಾಡ. ನಾ ಬರೇ ಒಳಗ ಕುಂತಾಕಿ. ಮ್ಯಾಲ ಕುಂತಾಕಿ ಅಕಿ. ಆ ಮೂರು ದಿನ ಅಕಿ ಕೈ ನಡಗಿದ್ರ ಇಬ್ಬರೂ ಹೋಗ್ತಿದ್ವಿ. ಅಕಿಗಿ ಮಕ್ಕಳಿಲ್ಲ, ಅಕಿ ಮಾಡಿದ್ದು ನೋಡಿದಾಕಿ ಭೂಮಿ ಮ್ಯಾಲ ನಾ ಒಬ್ಬಾಕೇ ಉಳದೀನಿ. ಅದಕ್ಕ ಬಾಯಿ ತಗದೆ. ನೀ ಅದನ್ನ ಕಟ್ಟುಕಥಿ ಅಂದಿ."

ಆಮೇಲೆ ಮೌಲಾಬಿ ಮತ್ತೆ ಸೊಪ್ಪು ಕೈಗೆ ತೆಗೆದುಕೊಂಡರು. "ಮೊದಲ ಈಶಪ್ಪಗ ಹೇಳಿ ಬಾ. ಅವನ ಹೆಸರು ಕೆಡಿಸಿದಿ. ಆಮ್ಯಾಗ ಸಾಲಿಗಿ ಬಾ. ಅಕಿ ಎಣಿಸಿದ್ದನ್ನ ನೀನೇ ಓದು, ಹುಡುಗ್ರ ಮುಂದ. ನಾ ಮಾತಾಡಂಗಿಲ್ಲ, ಕುಂತು ಕೇಳ್ತೀನಿ."

ಸಮ್ರೀನ್ ಬಾಗಿಲಿಂದ ಹೇಳಿದರು: "ಮೊದಲು ನಿಮ್ಮ ಪತ್ರಾ ಓದ್ರಿ ಸರ್. ಅದನ್ನ ಓದಿ ಆಮ್ಯಾಗ ಎಪ್ಪತ್ತೊಂದು." ಮುಖ್ಯೋಪಾಧ್ಯಾಯರು ಒಪ್ಪಬೇಕಾದರೆ ಪತ್ರಿಕೆಯಲ್ಲಿ ಬರಬೇಕು ಎಂದೂ ಹೇಳಿದರು.

ಚಹಾ ಕೊಡಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಸೆಪ್ಟೆಂಬರ್ 12, ಗುರುವಾರ

ಶಿರವಾಳ. ಈಶಪ್ಪ ಪೂರ್ತಿ ಕೇಳಿ, ಸೊಂಟ ಹಿಡಿದುಕೊಂಡೇ ಬಹಳ ಹೊತ್ತು ನಕ್ಕರು. "ಕಳ್ಳನ್ನ ಹುಡುಕಂದ್ರ ಕಳ್ಳನೇ ವಿಚಾರಿಸ್ತೀನಿ ಅಂದ್ನಲ್ಲೋ!" ಸೊಸೆಯನ್ನು ಕರೆದು ಅವಳಿಗೂ ಹೇಳಿದರು. ಆಮೇಲೆ ಕೇಳಿದರು:

"ಅದಿರ್ಲಿ, ನನಗ ಮಾಸ್ತರಕಿ ಯಾಕ ಕೊಟ್ಟಿ?"

"ಓದುಗರು ನಂಬಲಿ ಅಂತ."

ಅವರ ನಗು ನಿಂತಿತು. "ಒಕ್ಕಲತನ ಮಾಡಾವ ಅಂತ ಹಾಕಿದ್ರ ನಂಬತಿದ್ದಿಲ್ಲೇನು? ಹಗೇವಿನ ಮಾತು ಅದು. ತೋಡಿದಾವ ನಾನು."

ಮುಂಚೆ ಬರೆದ ಅಂಥ ಪತ್ರಗಳನ್ನು ನೆನಪು ಮಾಡಿಕೊಂಡೆ. ನಿವೃತ್ತ ಶಿಕ್ಷಕರು, ನಿವೃತ್ತ ಅಧಿಕಾರಿಗಳು, ಒಬ್ಬ ವಕೀಲ. ಒಬ್ಬನೂ ರೈತನಿಲ್ಲ, ಒಬ್ಬಳೂ ಹೆಂಗಸಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಹೊಸದಾಗಿ ಬರೆದದ್ದನ್ನು ವಿಶ್ವರಾಧ್ಯರ ಮುಂದಿಟ್ಟೆ. ಎರಡು ಸಲ ಓದಿದರು.

"ಇದು ಬಂದ್ರ ನಾಳಿಂದ ಖರೆ ಪತ್ರಾನೂ ಯಾರೂ ನಂಬಂಗಿಲ್ಲ. ತಿಳೀತದೇನು?"

"ತಿಳೀತದ್ರಿ."

"ಇಪ್ಪತ್ತೊಂದು ವರ್ಷದ ಪುಟ."

"ಹೌದ್ರಿ."

"ನಿಯಮ ನಂದಿತ್ತು ಅಂತ ಯಾಕ ಬರದಿಲ್ಲ?"

"ಬರದಾವ ನಾನು."

ಹಾಕು ಎಂದು ಅವರು ಹಾಳೆಯನ್ನು ನನ್ನ ಕಡೆ ಸರಿಸಿದರು. ಸೋಮವಾರದಿಂದ ಪುಟ ಬೇರೆಯವರಿಗೆ. ನನಗೆ ಹವಾಮಾನ ಮತ್ತು ಮಾರುಕಟ್ಟೆ ಧಾರಣೆ. ಅನ್ಯಾಯವೆನ್ನಲು ಬರುವುದಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಪ್ರಕಟವಾಗಿದೆ. ಅಲ್ಲ, ಪ್ರಕಟಿಸಿದ್ದೇನೆ. ನಾಲ್ಕನೇ ಪುಟ, ಮೇಲಿನ ಎಡಭಾಗ, ಆ ಪತ್ರ ಇದ್ದ ಜಾಗದಲ್ಲೇ.

"ಆಗಸ್ಟ್ 25ರಂದು ಇಲ್ಲಿ 'ಈಶಪ್ಪ, ನಿವೃತ್ತ ಶಿಕ್ಷಕ, ಶಿರವಾಳ' ಎಂಬ ಹೆಸರಿನಲ್ಲಿ ಬಂದ ಪತ್ರವನ್ನು ಬರೆದವನು ನಾನು. ಆಗ ಪುಸ್ತಕವನ್ನು ಓದಿರಲಿಲ್ಲ. ಹಗೇವಿಗೆ ಮೊದಲು ದೀಪ ಬಿಟ್ಟು, ಆಮೇಲೆ ತಾನೇ ಇಳಿದು ನೋಡಿದ ಮೌನಮ್ಮನ ವಿಷಯ ಪುಟ 71ರಲ್ಲಿದೆ. ಅದನ್ನು ಗಮನಿಸಿದ್ದ ಓದುಗ ಅಕ್ರಮರ ಸಾಲುಗಳನ್ನು ತೆಗೆದವನೂ ನಾನೇ. ಅವನ್ನು ಕೆಳಗೆ ಪೂರ್ತಿ ಕೊಟ್ಟಿದ್ದೇನೆ. ಮೌಲಾಬಿಯವರ ಮಾತನ್ನು ಸಂಶಯಿಸಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಶಿರವಾಳದಲ್ಲಿ ಈಶಪ್ಪ ಎಂಬ ರೈತರಿದ್ದಾರೆ. ಹಗೇವು ತೋಡಿ ಬಲ್ಲವರು. ಅದರಲ್ಲಿ ಹುಡುಗಿ ಬದುಕುವುದು ಸಾಧ್ಯ ಎಂದು ಅವರು ಹೇಳುತ್ತಾರೆ. – ಭಗವಂತರಾಯ, ಉಪಸಂಪಾದಕ."

ಮಧ್ಯಾಹ್ನದವರೆಗೆ ಹದಿನಾಲ್ಕು ಕರೆ. ಒಂಬತ್ತು ಜನ ಬೈದರು. ಇಬ್ಬರು, ಹಿಂದೆ ತಮ್ಮ ಬಗ್ಗೆ ಬಂದ ಪತ್ರವೂ ನಾನೇ ಬರೆದದ್ದೇ ಎಂದು ಕೇಳಿದರು. ಒಂದಕ್ಕೆ ಹೌದೆಂದೆ. ಕಂಡಕ್ಟರ್ ಅಕ್ರಮರು ಡ್ಯೂಟಿಯ ನಡುವೆ ಫೋನ್ ಮಾಡಿದ್ದರು. "ಸಾಲು ಬಂದಾವ್ರಿ, ನೋಡಿದೆ. ಆದ್ರ ಯಾರರ ಇಳಿಯೂದು ತಪ್ಪಿದ್ರ ಮೂರು ವಾರ ಬಿಟ್ಟು ಕೂಗಿ ಉಪಯೋಗ ಇಲ್ರಿ" ಎಂದು ಇಟ್ಟುಬಿಟ್ಟರು.

ನಾಗರತ್ನಾ ಪುಟವನ್ನು ಓದಿ ಮಡಚಿಟ್ಟಳು.

ಸಂಜೆ 5.40ಕ್ಕೆ ಸಮ್ರೀನ್ ಸಂದೇಶ ಕಳಿಸಿದ್ದಾರೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ನಾನಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಈಶಪ್ಪನವರಿಗೆ ಫೋನ್ ಹಚ್ಚಿ ಮೈಕಿನ ಹತ್ತಿರ ಇಡುತ್ತಾರೆ.

ಕಾರ್ಯಕ್ರಮ ಮಂಗಳವಾರ, 17ನೇ ತಾರೀಖು, ಬೆಳಿಗ್ಗೆ 9.30ಕ್ಕೆ, ಧ್ವಜಾರೋಹಣದ ನಂತರ, ಶಾಲೆಯ ಅಂಗಳದಲ್ಲಿ. ಮೊದಲು ನನ್ನ ಪತ್ರ, ನಂತರ ಪುಟ 71. ಯಾದಗಿರಿಯಿಂದ ಬಸ್ಸು 6.10ಕ್ಕೆ.